ಪರದೆಯ ಹಿಂದಿನ ಸ್ಟೂಲು

ಜನವರಿ 6, ಮಂಗಳವಾರ

ಗೊಂಬೆಗಳ ಪೆಟ್ಟಿಗೆ ತೆಗೆದು ಬಿಸಿಲಿಗಿಟ್ಟೆ. ರಾವಣನ ಒಂದು ತಲೆಗೆ ಹುಳ ಬಿದ್ದಿದೆ. ಬೇವಿನೆಣ್ಣೆ ಸವರಿದೆ. ಬಗ್ಗಿ ಎದ್ದರೆ ಮೊಣಕಾಲು ಕಟಕಟ.

ಮಹಡಿಯಿಂದ ಸೊಸೆ ಹೇಮಾಶ್ರೀ: "ಅತ್ತೆ, ಓಟಿಪಿ ಬಂತಾ? ಬೇಗ ಹೇಳಿ!"

ನಮ್ಮ ಗೊಂಬೆ ಮೇಳಕ್ಕೆ ವೆಬ್‌ಸೈಟ್ ಮಾಡುತ್ತಿದ್ದಾಳೆ. ಟಿಕೆಟ್ಟೂ ಅದರಲ್ಲೇ ಅಂತೆ. ಬ್ಯಾಂಕ್ ಖಾತೆ ನನ್ನ ಹೆಸರಿನದು, ಹಾಗಾಗಿ ಓಟಿಪಿ ನನ್ನ ಫೋನಿಗೆ. ಮನೆ ಯಜಮಾನಿ ಬೀದಿಗೆ ಕೇಳುವಂತೆ ಅಂಕಿ ಕೂಗುವುದಿಲ್ಲ. ಬಂದು ನೋಡಲಿ ಅಂತ ಸುಮ್ಮನಿದ್ದೆ. ಇಳಿದು ಬಂದು, ನೋಡಿಕೊಂಡು, ಮತ್ತೆ ಹತ್ತುವಷ್ಟರಲ್ಲಿ ಅದರ ಟೈಮ್ ಮುಗಿದಿತ್ತಂತೆ. ಎರಡನೇ ಸಲವೂ ಹಾಗೇ ಆಯಿತು.

"ಕೂಗಿಬಿಟ್ರೆ ಏನಾಗುತ್ತೆ ಅತ್ತೆ?"

"ಈ ಮನೇಲಿ ಕೂಗೋ ಪದ್ಧತಿ ಇಲ್ಲ ಕಣಮ್ಮ."

ಗೊಂಬೆಗಳ ಮಾತನ್ನು ಗಂಟಲು ಹರಿಯುವಂತೆ ಕೂಗಿಯೇ ಬದುಕಿದ ಮನೆ ಇದು. ಅವಳಿಗೆ ಅದು ಹೊಳೆಯಲಿಲ್ಲ, ಸದ್ಯ.

ಜನವರಿ 9, ಶುಕ್ರವಾರ

ಕಳೆದ ವರ್ಷ ಒಂದು ಊರಿನವರೂ ಆಟಕ್ಕೆ ಕರೆಯಲಿಲ್ಲ. ಮದ್ದಲೆಯ ಮರಿಯಣ್ಣ ಅರಸೀಕೆರೆಯಲ್ಲಿ ಬೇರೆ ಕೆಲಸ ಹುಡುಕುತ್ತಿದ್ದಾನೆ. "ಇದೊಂದು ಆಟ ನೋಡ್ತೀನಿ ಅಕ್ಕಯ್ಯ. ಜನ ಬರ್ನಿಲ್ಲ ಅಂದ್ರೆ ನನ್ನ ಬಿಟ್ಬಿಡಿ" ಅಂದ. ಅವನು ಹೋದರೆ ಮೇಳ ಮುಗಿದಂತೆ.

ಅದಕ್ಕೇ ಹೇಮಾ ಹೇಳಿದ ಟಿಕೆಟ್ ಆಟಕ್ಕೆ ಒಪ್ಪಿದೆ. ಈ ತಿಂಗಳ ಕೊನೆಯ ಶನಿವಾರ, ಇಲ್ಲೇ ಜಾವಗಲ್ಲಿನಲ್ಲಿ, ನಮ್ಮ ಕೊಬ್ಬರಿ ಶೆಡ್ಡಿನಲ್ಲಿ. ಲಂಕೆ ಸುಡುವ ಆಟ.

ಹೇಮಾ ಲ್ಯಾಪ್‌ಟಾಪ್ ತಂದು ತೋರಿಸಿದಳು. ಕುರ್ಚಿಗಳೆಲ್ಲ ಸಣ್ಣ ಚೌಕಗಳು. "ನಮ್ಮೋರಿಗೆ ಅಂತ ಯಾವುದಾದ್ರೂ ಬ್ಲಾಕ್ ಮಾಡ್ಲಾ ಅತ್ತೆ?"

"ಒಂದೂ ಬೇಡ."

ಊರಿನವರಿಗೆ ಟಿಕೆಟ್ ಯಾಕೆ? ನಾನು ಕುಂಕುಮ ಕೊಟ್ಟು ಕರೆದರೆ ಅದೇ ಟಿಕೆಟ್. ಕರೆದವರು ಕೂತ ಮೇಲೆ ಮಿಕ್ಕ ಜಾಗ ಹೊರಗಿನವರಿಗೆ. ಎಲ್ಲರಿಗೂ ಗೊತ್ತಿರುವುದನ್ನು ಏನು ಬಿಡಿಸಿ ಹೇಳುವುದು.

ಪರದೆಯ ಹಿಂದೆ ನಿಂತು ವೀಡಿಯೊ ಮಾಡಬಹುದಾ ಅಂತಲೂ ಕೇಳಿದಳು. ಆಗದು ಅಂದೆ. ಹಿಂದೆ ಸೂತ್ರ ಹಿಡಿಯುವವರು, ಮದ್ದಲೆ, ಸೀತೆಯ ಮಾತು ಹೇಳುವ ನಾನು, ನನ್ನ ಸ್ಟೂಲು. ಬೇರೆ ಯಾರೂ ಕಾಲಿಡುವಂತಿಲ್ಲ. ಮುಖ ಚಿಕ್ಕದು ಮಾಡಿಕೊಂಡು ಹೋದಳು.

ಜನವರಿ 18, ಭಾನುವಾರ

ಕರೆಯಲು ಹೊರಟೆ. ಕುಂಕುಮದ ಬಟ್ಟಲು, ಎಲೆ ಅಡಿಕೆ. ಮೇಲಿನ ಕೇರಿ ಮುಗಿಯುವಷ್ಟರಲ್ಲಿ ಕಾಲು ಕಂಬವಾಗಿತ್ತು.

ಕೊನೆಗೆ ವಿಶಾಲಮ್ಮನ ಬಾಗಿಲು. ಬೇಲಿಯ ಮೇಲಿನ ತೆಂಗಿನ ಮರಕ್ಕೆ ಜಗಳವಾಗಿ ಮಾತು ಬಿಟ್ಟವಳು. ಮರ ಸಿಡಿಲು ಬಡಿದು ಹೋಯಿತು, ಜಗಳ ಉಳಿಯಿತು. ಈ ಸಲ ಯಾಕೋ ಅವಳ ಬಾಗಿಲು ದಾಟಿ ಹೋಗಲು ಮನಸ್ಸಾಗಲಿಲ್ಲ. ಇದೇ ಕೊನೆಯ ಆಟವಾದರೆ...

ಕುಂಕುಮ ಇಟ್ಟುಕೊಂಡಳು. ಆಮೇಲೆ ಅಂದಳು: "ಕಣ್ಣು ಮಂಜಾಗೈತೆ ಗೌರಕ್ಕ. ಮುಂದ್ಗಡೆ ಸಾಲಲ್ಲಿ ಕುರ್ಚಿ ಹಾಕಿದ್ರೆ ಬತ್ತೀನಿ. ಹಿಂದೆ ಕೂತು ಕತ್ತಲೆ ನೋಡಕೆ ಬರಾಕಿಲ್ಲ."

"ಮುಂದಿನ ಸಾಲೇ. ನನ್ನ ಮಾತು."

ಜನವರಿ 27, ಮಂಗಳವಾರ

ಹೇಮಾ ಕುಣಿಯುತ್ತ ಬಂದಳು. "ಅತ್ತೆ, ಹೌಸ್‌ಫುಲ್! ಹಾಸನ, ಬೇಲೂರು, ಬೆಂಗಳೂರಿಂದೆಲ್ಲ. ಫಸ್ಟ್ ರೋನೇ ಮೊದ್ಲು ಖಾಲಿ ಆಯ್ತು!"

ಅಡಿಗೆ ಮನೆಯ ಕಟ್ಟೆ ಹಿಡಿದು ನಿಂತೆ. "ಅದರಲ್ಲೊಂದು ಕುರ್ಚಿ ವಾಪಸ್ ತಗೋ."

"ಆಗಲ್ಲ ಅತ್ತೆ. ಸೀಟ್ ನಂಬರ್ ಕೊಟ್ಟಾಗಿದೆ. ಮೊದಲನೇ ಸಲವೇ ಎಬ್ಬಿಸಿ ಕಳಿಸಿದ್ರೆ ಎರಡನೇ ಸಲ ಯಾರು ನಂಬ್ತಾರೆ? ... ನಾನು ಕೇಳಿದ್ನಲ್ಲ, ಬ್ಲಾಕ್ ಮಾಡ್ಲಾ ಅಂತ."

ಕೇಳಿದ್ದಳು. ನಿಜ. ಅವಳೆದುರು ಹಾಗೆನ್ನಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದೆ ಅಂದೆ.

ಜನವರಿ 30, ಶುಕ್ರವಾರ

ಮಂಗಳವಾರದಿಂದ ಹೇಮಾನೂ ಮಾತಾಡಿಲ್ಲ, ನಾನೂ ಇಲ್ಲ.

ಊರಿನ ಮಿಕ್ಕವರ ಚಿಂತೆಯಿಲ್ಲ. ಕುರ್ಚಿಗಳ ಮುಂದೆ ಜಮಖಾನ ಹಾಸಿದರೆ ಕೂರುತ್ತಾರೆ. ವಿಶಾಲಮ್ಮ ನೆಲದ ಮೇಲೆ ಕೂತರೆ ಏಳಲಾರಳು. ಕೂರುವುದೂ ಇಲ್ಲ.

ಮಗ ಉಮೇಶ: "ಅವ್ವ, ನಾನೇ ಹೋಗಿ ಜಾಗ ಇಲ್ಲ ಅಂತ ಹೇಳ್ಬರ್ಲಾ?"

"ಕರೆದ ಬಾಯಲ್ಲೇ ಬರಬೇಡ ಅನ್ನಕಾಯ್ತದೇನೋ?"

ಅವನು ಸೂತ್ರ ಬಿಗಿಯಲು ಹೋದ. ನನಗೆ ಸಾಕಾಗಿದೆ.

ಜನವರಿ 31, ಮಧ್ಯಾಹ್ನ 3

ಹೇಮಾ ಕುರ್ಚಿಗಳಿಗೆ ನಂಬರ್ ಅಂಟಿಸುತ್ತಿದ್ದಾಳೆ. ಮುಂದಿನ ಸಾಲಿನ ಪಕ್ಕದಲ್ಲಿ ಇನ್ನೊಂದು ಹಿಡಿಸುತ್ತದಾ ಅಂತ ನಾನೇ ಹೋಗಿ ಗೇಣು ಹಾಕಿ ನೋಡಿದೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಾಗಿಲು. ಹಿಡಿಸದು. ಸಾಲಿನ ಮುಂದೆ ಹಾಕಿದರೆ ಹಿಂದಿನವರಿಗೆ ಪರದೆ ಮರೆ.

ಫೆಬ್ರವರಿ 1, ಭಾನುವಾರ

ನಿನ್ನೆ ಆಟಕ್ಕೆ ವಿಶಾಲಮ್ಮ ಬಂದಳು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು. ನೇರ ಮುಂದಿನ ಸಾಲಿಗೇ ನಡೆದಳು. ಕುರ್ಚಿ ಎಲ್ಲದರಲ್ಲೂ ಫೋನ್ ಹಿಡಿದ ಜನ.

"ಎಲ್ಲಿ ಗೌರಕ್ಕ ನನ್ನ ಕುರ್ಚಿ?"

ಪುಣ್ಯಾತ್ಮರೊಬ್ಬರು ಎದ್ದರು. "ಕೂತ್ಕೊಳ್ಳಿ ಸ್ವಾಮಿ, ಅದು ನಿಮ್ಮದು" ಅಂದೆ. ವಿಶಾಲಮ್ಮನ ಕೈ ಹಿಡಿದು, ಪರದೆ ಎತ್ತಿ, ಒಳಗೆ ಕರೆದುಕೊಂಡು ಹೋದೆ. ನನ್ನ ಸ್ಟೂಲಿನ ಮೇಲೆ ಕೂರಿಸಿದೆ.

"ಇದಕ್ಕಿಂತ ಮುಂದೆ ಜಾಗ ಇಲ್ಲ."

ಮರಿಯಣ್ಣ ಬಾಯಿ ಬಿಟ್ಟುಕೊಂಡು ನೋಡಿದ. ಬಾರಿಸು ಅಂತ ಸನ್ನೆ ಮಾಡಿದೆ.

ಅವಳು ಸೀತೆಯ ಗೊಂಬೆಯ ಹತ್ತಿರ ಮುಖ ತಂದು ನೋಡಿ, ಎಲ್ಲರಿಗೂ ಕೇಳುವಂತೆ: "ಅಯ್ಯೋ, ಇವುಕ್ಕೆ ಬೆನ್ನಿಗೆ ಬಣ್ಣಾನೇ ಬಳ್ದಿಲ್ವಲ್ಲೇ! ಎಷ್ಟು ಜಿಪುಣರೇ ನೀವು." ಆಚೆ ಜನ ನಕ್ಕರು. ಆಟದ್ದೇ ಮಾತು ಅಂದುಕೊಂಡಿರಬೇಕು.

ಹನುಮಂತ ಉಂಗುರ ಕೊಡುವ ಹೊತ್ತಿಗೆ ನನ್ನ ಮೊಣಕಾಲು ಸೋತಿತು. ಸೀತೆಯ ದನಿ ನಡುಗಿತು. ಅವಳು ಸರಿದು ಸ್ಟೂಲಿನ ಮೇಲೆ ಜಾಗ ಮಾಡಿದಳು. ಪಿಸುಮಾತಿನಲ್ಲಿ: "ಬಾರೇ, ಅರ್ಧ ಕೂತ್ಕೋ. ಇಲ್ಲೂ ಬೇಲಿ ಹಾಕೀಯ?"

ಕೂತೆ. ಒಂದು ಸ್ಟೂಲಿನ ಮೇಲೆ ಇಬ್ಬರು ಮುದುಕಿಯರು. ಮಿಕ್ಕ ಮಾತು ಹಾಗೇ ಹೇಳಿದೆ.

ಲಂಕೆಗೆ ಬೆಂಕಿ ಬೀಳುವಾಗ ಪರದೆಯ ಅಂಚಿನಲ್ಲಿ ಹೇಮಾ. ನಾನು ಕಾಲಿಡಬೇಡ ಅಂದ ಜಾಗದಲ್ಲಿ ಹೊರಗಿನವಳು ಕೂತಿದ್ದನ್ನು ನೋಡಿದಳು. ಪರದೆ ಬಿಟ್ಟು ಹೋದಳು.

ಆ ಮುಖ ಕಣ್ಣಿಂದ ಹೋಗುತ್ತಿಲ್ಲ.

ಫೆಬ್ರವರಿ 4, ಬುಧವಾರ

ಮರಿಯಣ್ಣ ಬಂದು ಮದ್ದಲೆಗೆ ಹೊಸ ಚರ್ಮ ಹಾಕಿಸಬೇಕು ಅಂದ. ಅರಸೀಕೆರೆಯ ಕೆಲಸದ ಮಾತೆತ್ತಲಿಲ್ಲ.

ಹೇಮಾ ಮುಂದಿನ ಆಟಕ್ಕೆ ಟಿಕೆಟ್ ತೆರೆಯುತ್ತಿದ್ದಾಳೆ. ಬಾಗಿಲಲ್ಲೇ ನಿಂತು, ನೆಲ ನೋಡಿಕೊಂಡು ಕೇಳಿದಳು: "ಯಾವ ಸೀಟ್ ಬ್ಲಾಕ್ ಮಾಡ್ಲಿ ಅತ್ತೆ?"

"ಮುಂದಿನ ಸಾಲು ಮಾರಿಕೋ. ವಿಶಾಲಿಗೆ ಈಗ ಹಿಂದೆಯೇ ಬೇಕಂತೆ. ಪರದೆ ಹಿಂದೆ ಇನ್ನೆರಡು ಸ್ಟೂಲು ಹಾಕು."

"ಎರಡ್ಯಾಕೆ?"

"ಆಟದ ಮಧ್ಯೆ ಓಟಿಪಿ ಬಂದ್ರೆ ನನ್ನ ಫೋನು ಯಾರು ನೋಡೋರು? ನೀನು ಪಕ್ಕದಲ್ಲೇ ಇರಬೇಕು."

ತಲೆ ಎತ್ತಿ ನೋಡಿದಳು. ದಡದಡ ಮಹಡಿ ಹತ್ತಿದಳು.

ಕಾಲಿಗೆ ಎಣ್ಣೆ ಹಚ್ಚಿ ಕೂತಿದ್ದೇನೆ. ಫೋನು ಟಿಣ್ ಅಂತು. ಅವಳು ಇಳಿದು ಬಂದು ಹತ್ತುವಷ್ಟರಲ್ಲಿ ಇದು ಮುಗಿದುಹೋಗುತ್ತದೆ. ಬೀದಿಯವರು ಕೇಳಿದರೆ ಕೇಳಲಿ—

ಹೇಮಾ! ನಾಲ್ಕು... ಏಳು... ಸೊನ್ನೆ...