ನೀರಿಲ್ಲದೆ ಕೂಗಿದ ಬಜರ್

ವೆಸ್ಟ್ ಮಾಂಬಲಂ, ಜೂನ್ 1983

ತೀರ್ಥರೂಪರಾದ ಅಪ್ಪನಿಗೆ,

ನೀವು ತೀರಿಹೋದ ಹಿಂದೆಯೇ ಇಲ್ಲಿ ತೀರ್ಥವೂ ಹೋಗಿದೆ. ನಲ್ಲಿ ಒಣಗಿ ವಾರವಾಯಿತು. ಆದರೆ ನಲ್ಲಿಗೆ ನೀರು ಬಂದರೆ ಕೂಗಲೆಂದು ನೀವು ಹಳೇ ರೇಡಿಯೋ ಬಿಚ್ಚಿ ಮಾಡಿದ ಬಜರ್ ಮಾತ್ರ ದಿನವೂ ಮಧ್ಯಾಹ್ನ ಕೂಗುತ್ತಿದೆ. ದನಿ ಗೊತ್ತಲ್ಲ, ನೀವು ಗಂಟಲು ಸರಿಮಾಡಿಕೊಂಡ ಹಾಗೆಯೇ. ಇಡೀ ವಠಾರ ಕೊಡ ಹಿಡಿದು ಓಡಿಬರುತ್ತದೆ. ಎದುರುಮನೆ ಮಾಮಿಯಂತೂ "ತಣ್ಣಿ ಎಂಗೆ ಒಳಿಚ್ಚು ವೆಚ್ಚಿರುಕ್ಕೀಂಗ?" ಎಂದು ಬಚ್ಚಿಟ್ಟ ನೀರಿಗಾಗಿ ನಮ್ಮ ಬಚ್ಚಲನ್ನೇ ಶೋಧಿಸಿದರು.

ನಾನು ಮೊದಲು ಹಲ್ಲಿಯನ್ನು ಸಂಶಯಿಸಿದೆ, ಆಮೇಲೆ ಮಾಮಿಯನ್ನು. "ನಿಮ್ಮಪ್ಪನ ವೈರಿಂಗನ್ನೇ ಸಂಶಯಿಸಿ" ಎಂದಳು ನಿಮ್ಮ ಸೊಸೆ ವಾಸಂತಿ. ಅಮ್ಮ ಒಬ್ಬರೇ ಯಾರನ್ನೂ ಸಂಶಯಿಸಲಿಲ್ಲ. ಅದೇ ನನಗೆ ಸಂಶಯ ತಂದಿತು.

ಇವತ್ತು ಬ್ಯಾಂಕಿಗೆ ರಜೆ ಹಾಕಿ, ಪತ್ತೇದಾರನಂತೆ ಬಾಗಿಲ ಹಿಂದೆ ಕೂತೆ. ಅಮ್ಮ ಬಂದರು. ನಲ್ಲಿಯ ಬಾಯಿಂದ ಬಜರಿನ ಎರಡು ತಂತಿಗಳನ್ನೂ ಬಿಡಿಸಿ ಲೋಟದ ನೀರಿಗೆ ಅದ್ದಿದರು. ಬಜರ್ ಕೂಗಿತು. ಅಮ್ಮ ಕಣ್ಣು ಮುಚ್ಚಿ ಕೇಳುತ್ತ ನಿಂತರು.

"ಏನಮ್ಮಾ ಇದು?"

"ಕೆಟ್ಟುಹೋಗಿದೆಯೇನೋ ಅಂತ ನೋಡ್ತಿದ್ದೆ ಕಣೋ. ನಿನ್ನೆಯಿಂದ ಯಾಕೋ ಗಂಟಲು ಕಟ್ಟಿದ ಹಾಗಿದೆ."

ಕೂಡಲೇ ಹೋಗಿ ಹೊಸ ಸೆಲ್ಲು ತಂದೆ. "ತಂತಿ ಹಿಡಿ ಬಾರೋ" ಎಂದು ನೀವು ಕರೆದಾಗಲೆಲ್ಲ ನನಗೆ ಪೇಪರು ಓದುವ ಘನಕಾರ್ಯ ಇರುತ್ತಿತ್ತಲ್ಲ, ಹಾಗಾಗಿ ಅದನ್ನು ಯಾವ ಕಡೆ ತಿರುಗಿಸಿ ಹಾಕುವುದೆಂದು ವಾಸಂತಿಯನ್ನು ಕೇಳಬೇಕಾಯಿತು.

ಎಲ್ಲ ಹಲ್ಲಿಯದೇ ಕಿತಾಪತಿ ಎಂದು ಮಾಮಿಗೆ ತಿಳಿಸಿದ್ದೇನೆ. ನಾಳೆ ಮಧ್ಯಾಹ್ನಕ್ಕೆಂದು ನನ್ನ ಸ್ನಾನದ ನೀರಿನಲ್ಲಿ ಒಂದು ಲೋಟ ಎತ್ತಿಟ್ಟಿದ್ದೇನೆ.