ಶೇಂಗಾ ಕಾರಿನ ಎಡಗಡೆ ಸೀಟು

9-1-84, ಸೋಮವಾರ

ಬೆಳಿಗ್ಗೆ ಮತ್ತೆ ಅದೇ ಸರ್ಕಸ್ಸು. ಕಾರು ಗೋಡೆಗೆ ಮೂತಿ ಇಟ್ಟು ನಿಂತಿತ್ತು. ಇದಕ್ಕೆ ರಿವರ್ಸ್ ಗೇರೇ ಇಲ್ಲ. ಇಳಿದು, ಮುಂದಿನಿಂದ ದಬ್ಬಿ, ಮತ್ತೆ ಹತ್ತಬೇಕು. ಮನೆ ಮಾಲೀಕ ಮರುಳಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದರು. ದಬ್ಬುವುದು ಅವರ ಹಕ್ಕು, ಯಾರಿಗೂ ಬಿಟ್ಟುಕೊಡುವುದಿಲ್ಲ.

"ನೀವು ಕುಂದರ್ರಿ ಇಂಜಿನಿಯರ್ರ, ನಾ ಅದೀನಲ್ಲ!"

ದಬ್ಬಿದ ಕೂಲಿಗೆ ಎಡಗಡೆ ಸೀಟು, ಬಜಾರಿನ ಅವರ ಕಾಳಿನ ಅಂಗಡಿಯ ತನಕ. ದಾರಿಯುದ್ದಕ್ಕೂ ಕಂಡವರಿಗೆಲ್ಲ ಕೈ ಬೀಸುತ್ತಾರೆ — ಕಾರು ಅವರದೇ ಎಂಬಂತೆ.

ಹೊಸಪೇಟೆಯಿಂದ ಸೆಕೆಂಡ್ ಹ್ಯಾಂಡ್ ತಂದು ತಿಂಗಳಾಯಿತು. ಹಿಂದೆ ಸ್ಕೂಟರಿನಷ್ಟು ಇಂಜಿನ್ನು, ಮುಂದೆ ಎರಡೇ ಸೀಟು. ಕೊಟ್ಟೂರಿನ ಹುಡುಗರು ಹೆಸರಿಟ್ಟಾಗಿದೆ: ಶೇಂಗಾ ಕಾರು. ಒಂದು ಸಿಪ್ಪೆ, ಎರಡು ಕಾಳು. ಹೆಂಡತಿ ಹಂಪಮ್ಮ ಬಸುರಿ, ಐದನೇ ತಿಂಗಳು. ಅವಳ ಪ್ರಶ್ನೆ ಒಂದೇ — "ಮೂರನೇ ಕಾಳು ಬಂದ್ ಮ್ಯಾಲ ಎಲ್ಲಿ ಕುಂದರಸ್ತೀರಿ? ಟಾಪಿನ ಮ್ಯಾಲನಾ?"

ಹೆಂಡತಿಗೆ ಉತ್ತರ ಕೊಟ್ಟು ಗೆದ್ದವರುಂಟೇ. 

13-1-84, ಶುಕ್ರವಾರ

ಪಿ.ಡಬ್ಲ್ಯು.ಡಿ. ಆಫೀಸಿನಿಂದ ಹೊರಬಂದರೆ ಕಾರಿಲ್ಲ! ಬೀದಿಗೆ ಓಡಿದೆ. ನೋಡಿದರೆ, ಹುಲುಗಪ್ಪನ ಹೋಟೆಲಿನ ಎದುರು ಬೇವಿನಕಟ್ಟೆಯ ಮೇಲೆ ಕೂತಿದೆ. ನಾಲ್ಕು ಜನ ಸೇರಿ ಎತ್ತಿ ಇಟ್ಟಿದ್ದಾರೆ. ಸುತ್ತ ಜನ, ಮಿರ್ಚಿ ಮಂಡಕ್ಕಿ ತಿನ್ನುತ್ತಾ ನೋಡುತ್ತಿದ್ದಾರೆ. ಬಾಯಿಗೆ ಬಂದಂತೆ ಬೈದೆ.

"ಸಿಟ್ಟಾಗಬ್ಯಾಡ್ರಿ ಸಾಹೇಬ್ರ," ಹುಲುಗಪ್ಪ ಹಲ್ಲು ಕಿರಿದ. "ನಿಮ್ ಕಾರು ಕೂಸಿನಂಗ ಐತಿ. ನೋಡಿದ್ರ ಎತ್ತಬೇಕು ಅನಸ್ತೈತಿ."

ಅವರೇ ಇಳಿಸಿಕೊಟ್ಟರು. ನಾನೂ ನಕ್ಕೆ. ಅಷ್ಟರಲ್ಲಿ ಗುಂಪಿನಿಂದ ಯಾರೋ ಹಿರಿಯರು — "ನೀವು ಯಾವೂರು? ಯಾರ ಪೈಕಿ?" ನಗು ನಿಂತಿತು.

ಬಸ್ಸಿನಲ್ಲಿ ಓಡಾಡುವಾಗ ಯಾರೂ ಕೇಳುತ್ತಿರಲಿಲ್ಲ. ಈ ಹಾಳು ಕಾರು ಎಲ್ಲರೂ ತಿರುಗಿ ನೋಡುವಂತೆ ಮಾಡಿದೆ. ಮೊದಲು ಕಾರು ನೋಡುತ್ತಾರೆ, ಆಮೇಲೆ ನನ್ನನ್ನು.

ಆದರೂ... ಓಡಿಸುವಾಗ ಖುಷಿಯಾಗುತ್ತದೆ, ಸುಳ್ಳು ಯಾಕೆ. ಚಿಕ್ಕವನಿದ್ದಾಗ ಬಸ್ಸಿನಲ್ಲಿ ಅಪ್ಪನ ಪಕ್ಕದ ಸೀಟು ಖಾಲಿಯೇ ಉಳಿಯುತ್ತಿತ್ತು. ಗುರುತಿನವರು ನಿಂತೇ ಬರುತ್ತಿದ್ದರು, ಕೂರುತ್ತಿರಲಿಲ್ಲ. ಈಗ ನನ್ನ ಪಕ್ಕದ ಒಂದು ಸೀಟಿಗೆ ಊರೇ ಸಾಲು ನಿಂತಿದೆ. ಗೊತ್ತಿಲ್ಲದೆ ನಿಂತಿದೆ, ಅಷ್ಟೇ.

16-1-84, ಸೋಮವಾರ

ಮರುಳಪ್ಪನವರನ್ನು ಹಗರಿಬೊಮ್ಮನಹಳ್ಳಿಗೆ ಕರೆದುಕೊಂಡು ಹೋದೆ. ನನಗೂ ಅಲ್ಲಿ ಕೆಲಸವಿತ್ತು. ದಪ್ಪ ಆಳು. ಅವರ ಬಲತೋಳು ನನ್ನ ಎಡತೋಳಿಗೆ ಒತ್ತಿಕೊಂಡೇ ಇರುತ್ತದೆ. ಎದುರು ಲಾರಿ ಬಂದರೆ ಕಾರು ಅಲುಗಾಡುತ್ತದೆ, ಆಗ ನನ್ನ ತೊಡೆಯನ್ನೇ ಹಿಡಿದುಕೊಳ್ಳುತ್ತಾರೆ.

"ಈಗ ಕೇರಿ ಮಂದಿಗೂ ಓಣ್ಯಾಗ ಬಾಡಿಗಿ ಮನಿ ಬೇಕಂತ್ರಿ. ಮೊನ್ನಿ ಒಬ್ಬ ಮೇಷ್ಟ್ರು ಬಂದಿದ್ದ. ಇಲ್ಲಂದು ಕಳಿಸಿದೆ. ನಾ ಮಾರಿ ನೋಡಿ ಹೇಳ್ತೀನ್ರಿ, ಯಾರು ಏನಂತ."

ನನ್ನ ಮಾರಿ ನೋಡುತ್ತಲೇ ಹೇಳಿದರು.

ಸ್ಟೀರಿಂಗ್ ಬಿಗಿ ಹಿಡಿದೆ. ಎದ್ದು ಹೋಗಲು ಜಾಗವಿಲ್ಲ, ತಿರುಗಿ ಕೂರಲೂ ಇಲ್ಲ. ಅವರ ಬಾಯಿಗೂ ನನ್ನ ಕಿವಿಗೂ ನಡುವೆ ಗೇಣು ಜಾಗ.

ಮನೆ ಕೇಳಲು ಹೋದಾಗ ನನ್ನನ್ನೂ ಯಾವ ಕಡೆಯವರು ಎಂದು ಕೇಳಿದ್ದರು. "ಕೂಡ್ಲಿಗಿ ಕಡೆಯವರು" ಅಂದೆ. "ಓ, ನಮ್ ಬೀಗರ ಊರು!" ಎಂದು ಕೀಲಿ ಕೊಟ್ಟರು. ಅದಕ್ಕೂ ಮುಂಚೆ ನಾಲ್ಕು ಮನೆಯವರು ನೇರ ಕೇಳಿ, ನೇರ ಉತ್ತರ ಪಡೆದು, ಬಾಗಿಲು ಹಾಕಿದ್ದರು. ಕೂಡ್ಲಿಗಿಯ ಕೇರಿಯವನು ಎಂದು ತಿಳಿದರೆ ಇದೂ ಹೋಗುತ್ತದೆ. ಬಸುರಿಯನ್ನು ಕಟ್ಟಿಕೊಂಡು ಎಲ್ಲಿಗೆ? ಆಫೀಸಿನಲ್ಲಿ ಇಬ್ಬರಿಗೆ ಗೊತ್ತು. ಬಾಯಿ ಬಿಟ್ಟಿಲ್ಲ — ಇದುವರೆಗೆ.

22-1-84, ಭಾನುವಾರ

ಕೂಡ್ಲಿಗಿಗೆ ಹೋಗಿ ಬಂದೆ. ಅಪ್ಪನ ಎರಡೂ ಕಣ್ಣಿಗೆ ಪೊರೆ. ಕಾರನ್ನು ಕೈಯಿಂದ ತಡವಿ ನೋಡಿದರು, ಮೂತಿಯಿಂದ ಬಾಲದ ತನಕ. ಬೇಗ ಮುಗಿಯಿತು.

"ಇಷ್ಟ ಐತೇನೋ ಗಾಳ್ಯಾ? ನಮ್ ಡಾಂಬರ್ ಡ್ರಮ್ಮು ಇದಕ್ಕಿಂತ ದೊಡ್ಡದಿತ್ತಲ್ಲೋ!"

ರೋಡ್ ಗ್ಯಾಂಗಿನಲ್ಲಿ ಜೀವ ಸವೆಸಿದವರು. ಅವರು ಟಾರು ಹಾಕಿದ ರಸ್ತೆಗೆ ಈಗ ಮಗ ಇಂಜಿನಿಯರ್.

ಮುಂದಿನ ತಿಂಗಳು ಹಗರಿಬೊಮ್ಮನಹಳ್ಳಿ ಸ್ಕೂಲಿನಲ್ಲಿ ಕಣ್ಣಿನ ಕ್ಯಾಂಪು. ಆಪರೇಶನ್ ಆದ ಮೇಲೆ ಕಾರಿನಲ್ಲಿ ಕೊಟ್ಟೂರಿಗೆ ಕರೆದೊಯ್ಯುತ್ತೇನೆ, ನಮ್ಮಲ್ಲೇ ಇರಬೇಕು ಎಂದೆ. ಅವ್ವ ಹೋದ ಮೇಲೆ ಇಲ್ಲಿ ನೋಡಿಕೊಳ್ಳುವವರು ಯಾರು?

"ಆ ಮನಿಗಾ? ಬ್ಯಾಡಲೇ," ಎಂದರು. ನಾನು ಏನೂ ಹೇಳಿರಲಿಲ್ಲ. ಹೇಳದಿದ್ದರೂ ಅವರಿಗೆ ಎಲ್ಲ ತಿಳಿಯುತ್ತದೆ.

ಕೊನೆಗೆ ಒಪ್ಪಿದರು. ಮಾತು ಕೊಟ್ಟು ಬಂದಿದ್ದೇನೆ.

2-2-84, ಗುರುವಾರ

ಇದೆಂಥ ಗ್ರಹಚಾರ. ಮರುಳಪ್ಪನವರ ತಾಯಿ ಕೊಟ್ರಬಸಮ್ಮನವರಿಗೂ ಅದೇ ಕ್ಯಾಂಪಿನಲ್ಲಿ ಆಪರೇಶನ್!

"ನಮ್ಮವ್ವಗ ದೇವ್ರು ಕಾರು ಕಳಿಸ್ಯಾನ ನೋಡ್ರಿ. ಹೋಗ್ತಾ ಬರ್ತಾ ನಿಮ್ ಸೀಟಿನ್ಯಾಗ. ನಾ ಹಿಂದ ಬಸ್ಸಿಗಿ ಬರ್ತೀನಿ."

"ಹೂಂ" ಅಂದೆ. ಯಾಕೆ ಅಂದೆ? ನಾಲಿಗೆ ಅಭ್ಯಾಸ ಬಲದಿಂದ ಅಂದಿತು.

ಅಜ್ಜಿ ಕೆಟ್ಟವಳಾಗಿದ್ದರೆ ಸುಲಭವಿತ್ತು. ಹಂಪಮ್ಮನಿಗೆ ಬಾಯಿ ಕೆಟ್ಟಿದೆ ಎಂದು ವಾರಕ್ಕೊಮ್ಮೆ ಗುರೆಳ್ಳು ಚಟ್ನಿಪುಡಿ ಮಾಡಿಸಿ ಕಳಿಸುತ್ತಾರೆ.

6-2-84, ಸೋಮವಾರ

ಎಡಗಡೆ ಸೀಟಿನಲ್ಲಿ ಕೊಟ್ರಬಸಮ್ಮ. ಅಪ್ಪ ನೆರೆಮನೆಯ ಬೊಮ್ಮಯ್ಯನ ಜೊತೆ ಬಸ್ಸಿನಲ್ಲಿ ಕ್ಯಾಂಪಿಗೆ ಬಂದರು. ಮರುಳಪ್ಪ ಹೆಂಗಸರ ವಾರ್ಡಿನಲ್ಲಿದ್ದಾಗ ಕಳ್ಳನ ಹಾಗೆ ಗಂಡಸರ ವಾರ್ಡಿಗೆ ಹೋಗಿ ಅಪ್ಪನನ್ನು ನೋಡಿ ಬಂದೆ.

ನಾಚಿಕೆಯಾಗುತ್ತಿದೆ. ಇವತ್ತು ಇಷ್ಟೇ.

9-2-84, ಗುರುವಾರ

ಇಬ್ಬರ ಆಪರೇಶನ್ನೂ ಚೆನ್ನಾಗಿ ಆಗಿದೆ. ಡಾಕ್ಟರು ಹೇಳಿದ್ದು: ಬಗ್ಗಬಾರದು, ಭಾರ ಎತ್ತಬಾರದು, ಬಸ್ಸಿನ ನೂಕುನುಗ್ಗಲು ಬೇಡ. ಸೋಮವಾರ ಬಿಡುತ್ತಾರೆ. ಇಬ್ಬರನ್ನೂ.

ಎರಡು ಟ್ರಿಪ್ಪು ಹೊಡೆಯಬಹುದು. ಅಜ್ಜಿ ಮೊದಲು, ಅಪ್ಪ ಆಮೇಲೆ. ಮನೆಗೆ ಬಂದ ಮೇಲೆ ಯಾರು ಎಂದು ಕೇಳಿದರೆ? ಯಾರೋ ಆಫೀಸಿನ ಹಳೇ ನೌಕರ, ಪಾಪ ಎಂದು...

ಇದನ್ನು ಬಾಯಿಬಿಟ್ಟು ಹೇಳಿಬಿಟ್ಟೆ. ರೊಟ್ಟಿ ಬಡಿಯುತ್ತಿದ್ದ ಹಂಪಮ್ಮನ ಕೈ ನಿಂತಿತು.

"ಮಾವಗ ಪಿವನ್ ಅಂತ ಹೆಸರಿಡ್ತೀರಾ? ಹಂಗಾರ ಹುಟ್ಟೋ ಕೂಸಿಗೆ ಏನಂತೀರಿ?"

"ಮನಿ ಹೋದ್ರ?"

"ಹೋದ್ರ ಹೋಗ್ಲಿ," ಎಂದಳು. ಅಂದವಳೇ ಅಳಲು ಶುರು ಮಾಡಿದಳು. ಈ ಮನೆಯಲ್ಲಿ ನಲ್ಲಿ ಒಳಗೇ ಇದೆ. ಅದು ಅವಳಿಗೆ ಎಷ್ಟು ಎಂದು ನನಗೆ ಗೊತ್ತು.

13-2-84, ಸೋಮವಾರ

 ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಸ್ಕೂಲಿನ ಅಂಗಳ ತುಂಬ ಎತ್ತಿನ ಬಂಡಿ, ಜನ. ಜಾಗ ಸಿಕ್ಕಿದ್ದು ಕಾಂಪೌಂಡಿನ ಹತ್ತಿರ. ಕಾರು ಮತ್ತೆ ಗೋಡೆಗೆ ಮೂತಿ. ಅಪ್ಪನ ಕೈ ಹಿಡಿದು ಬರುವಷ್ಟರಲ್ಲಿ ಮರುಳಪ್ಪ ತಾಯಿಯನ್ನು ಕರೆತಂದು ಕಾರಿನ ಪಕ್ಕ ನಿಂತಿದ್ದರು. ಸೀಟಿನ ಮೇಲೆ ಆಗಲೇ ಅಜ್ಜಿಯ ದಿಂಬು. ಅಜ್ಜಿಯ ಒಂದು ಕಣ್ಣಿಗೆ ಪಟ್ಟಿ, ಅಪ್ಪನ ಒಂದು ಕಣ್ಣಿಗೆ ಪಟ್ಟಿ. ಇನ್ನೊಂದು ಕಣ್ಣಿನಲ್ಲಿ ಇಬ್ಬರಿಗೂ ಬರೀ ಮಂಜು.

"ಯಾರ್ರೀ ಈ ಮುದುಕ?" ಎಂದರು ಮರುಳಪ್ಪ.

ಬಾಯಿ ತೆರೆಯುವ ಮೊದಲೇ ಅಪ್ಪ ಕೈ ಬಿಡಿಸಿಕೊಂಡರು. ಹಿಂದೆ ಸರಿದರು. ಕೈ ಮುಗಿದರು — ನನಗೆ.

"ಸಾಹೇಬ್ರ, ನೀವ್ಯಾಕ ತ್ರಾಸ ತಗಂತೀರಿ? ನಾ ಬಸ್ಸಿಗಿ ಹೋಗ್ತೀನ್ರಿ... ನಾ ರೋಡ್ ಗ್ಯಾಂಗಿನವ್ನ್ರಿ ಯಜಮಾನ್ರ. ಸಾಹೇಬ್ರು ದೊಡ್ಡವ್ರು, ಗುರ್ತು ಹಿಡಿದು ಕೈ ಹಿಡಿದ್ರು."

ಸಾಹೇಬ್ರ. ನನ್ನನ್ನು. ಹೆಗಲ ಮೇಲೆ ಹೊತ್ತು ಸ್ಕೂಲಿಗೆ ಹಾಕಿದ ಮನುಷ್ಯ.

ಎಲ್ಲವನ್ನೂ ಅವರೇ ಮಾಡಿಕೊಟ್ಟಿದ್ದರು. ನಾನು ಸುಮ್ಮನಿದ್ದರೆ ಸಾಕಿತ್ತು. ಒಂದು ಗಳಿಗೆ ಸುಮ್ಮನಿದ್ದೆ ಕೂಡ.

ಆಮೇಲೆ ಬಾಗಿಲು ತೆಗೆದು ದಿಂಬನ್ನು ಮರುಳಪ್ಪನವರ ಕೈಗೆ ಕೊಟ್ಟೆ. "ನಮ್ಮಪ್ಪ ರೀ ಇವ್ರು. ಪಕ್ಕೀರಪ್ಪ. ಕೂಡ್ಲಿಗಿ ಕೇರಿಯವ್ರು. ನಾ ಗಾಳೆಪ್ಪ." ದನಿ ಬೇಕಾದದ್ದಕ್ಕಿಂತ ಜೋರಾಯಿತು. ಬಂಡಿಯವರೆಲ್ಲ ತಿರುಗಿದರು. ಅಪ್ಪ ಬೇಡ ಬೇಡ ಎನ್ನುತ್ತಿದ್ದರೂ ತೋಳು ಹಿಡಿದು ಕೂರಿಸಿದೆ.

"ಅಪ್ಪನ್ನ ಬಿಟ್ಟು ಹಿಂದಿಂದನ ಬರ್ತೀನ್ರಿ. ಅಜ್ಜಿನ್ನೂ ಕಾರಿನ್ಯಾಗ ಕರ್ಕೊಂಡು ಹೋಗ್ತೀನಿ. ನೆಳ್ಳಾಗ ಕುಂದರ್ಸ್ರಿ."

ಮರುಳಪ್ಪ ಎಡಗೈಯಿಂದ ತಮ್ಮ ಬಲತೋಳನ್ನು ಮೆಲ್ಲಗೆ ಒರೆಸಿಕೊಳ್ಳುತ್ತಿದ್ದರು. ಕಾರಿನಲ್ಲಿ ನನಗೆ ಒತ್ತಿಕೊಳ್ಳುತ್ತಿದ್ದ ತೋಳು.

ಕಾರು ಹಿಂದೆ ಹೋಗಬೇಕು. ಮುಂದೆ ನಿಂತು ದಬ್ಬಿದೆ. ಚಕ್ರ ಉಸುಕಿನಲ್ಲಿ ಕೂತಿತ್ತು, ಕದಲಲಿಲ್ಲ.

"ಮರುಳಾ, ಯಾಕ ಸುಮ್ನ ನಿಂತೀ? ದಬ್ಬಲೇ," ಎಂದರು ಕೊಟ್ರಬಸಮ್ಮ. "ದಿನಾ ನಾನ ದಬ್ತೀನಿ ಅಂತ ಹೇಳ್ಕಂತಿದ್ದೆಲ್ಲ!"

ಮರುಳಪ್ಪ ದಿಂಬು ಅಪ್ಪಿಕೊಂಡು ನಿಂತೇ ಇದ್ದರು. ನಾನು ಗೋಡೆಗೂ ಕಾರಿಗೂ ನಡುವೆ ತೂರಿದೆ. ಗೋಡೆಗೆ ಬೆನ್ನು ಕೊಟ್ಟು, ಒಂದು ಕಾಲನ್ನು ಬಂಪರಿಗೆ ಊರಿ ದಬ್ಬಿದೆ. ಶರ್ಟು ಹರಿಯಿತು. ಕಾರು ಹಿಂದೆ ಸರಿಯಿತು.

ಊರು ದಾಟಿದ ಮೇಲೆ ಅಪ್ಪ ಕೇಳಿದರು — "ಆ ಯಜಮಾನ ಹಿಂದ ಉಳಿದನೇನೋ?"

"ಹೂಂ."

"ಹುಚ್ಚ ಖೋಡಿ. ಮನಿ ಕಳಕಂಡ್ಯಲ್ಲೋ." ಅವರ ಬಲತೋಳು ನನ್ನ ಎಡತೋಳಿಗೆ ತಾಗಿತ್ತು. ತೆಗೆಯಲಿಲ್ಲ. ಕಾರು ಒಂದು ಕುಳಿಗೆ ಬಿತ್ತು. "ಎಂಥ ಕುಳಿ ಬಿದ್ದಾವಲ್ಲೋ! ಇಂಜಿನಿಯರ್ ಏನ್ ಮಾಡಾಕತ್ತೀ?"

ನಕ್ಕೆ. ಕಣ್ಣು ಮಂಜಾಯಿತು. ಗಾಡಿ ನಿಧಾನ ಮಾಡಿದೆ.

ಅಪ್ಪನನ್ನು ಹಂಪಮ್ಮನಿಗೆ ಒಪ್ಪಿಸಿ ವಾಪಸ್ ಹೋದೆ. ನೆರಳಿನಲ್ಲಿ ಯಾರೂ ಇಲ್ಲ. ಬಸ್ಸು ಹತ್ತಿದರಂತೆ. ಆ ನೂಕಾಟದಲ್ಲಿ ಅಜ್ಜಿಯ ಕಣ್ಣಿಗೆ ಏನೂ ಆಗದಿರಲಿ. ಖಾಲಿ ಸೀಟಿನ ಜೊತೆ ಬಂದೆ.

14-2-84, ಬೆಳಿಗ್ಗೆ

ಇವತ್ತು ಕಾರು ದಬ್ಬಲು ಯಾರೂ ಬಂದಿಲ್ಲ. ಓಣಿಯಲ್ಲಿ ಹೆಂಗಸರು ನಮ್ಮ ಬಾಗಿಲ ಮುಂದೆ ಹೆಜ್ಜೆ ನಿಧಾನ ಮಾಡಿ ಹೋಗುತ್ತಾರೆ. ಹಂಪಮ್ಮ ಟ್ರಂಕಿನೊಳಗೆ ಬಚ್ಚಿಟ್ಟಿದ್ದ ಬುದ್ಧನ ಫೋಟೋ ತೆಗೆದು ಪಡಸಾಲೆಯ ಮೊಳೆಗೆ ಹಾಕಿದ್ದಾಳೆ. ಪಾತ್ರೆಗಳನ್ನೂ ಚೀಲಕ್ಕೆ ತುಂಬುತ್ತಿದ್ದಾಳೆ. ಎರಡೂ ಕೆಲಸ ಒಟ್ಟಿಗೆ.

ಗೋಡೆಯಾಚೆ ಕೊಟ್ರಬಸಮ್ಮನ ದನಿ — "ಆ ಬಸುರಿ ಹುಡ್ಗಿಗೆ ಚಟ್ನಿಪುಡಿ ಕೊಟ್ರೇನೋ?"  ಮತ್ತೆ ಕೇಳಿದರು. ಆಮೇಲೆ ಬಾಗಿಲ ಚಿಲಕ ತೆಗೆದ ಸದ್ದು. ಮರುಳಪ್ಪನವರ ಚಪ್ಪಲಿ ಸದ್ದು, ಈ ಕಡೆಗೆ.

ಅಪ್ಪನಿಗೂ ಕೇಳಿಸಿದೆ. ಎದ್ದಿದ್ದಾರೆ. ಗೋಡೆ ತಡವುತ್ತಾ ಹಿತ್ತಲ ಕಡೆ ಹೊರಟಿದ್ದಾರೆ, ಬಚ್ಚಿಟ್ಟುಕೊಳ್ಳಲು. ಕೈ ಹಿಡಿದು ಕರೆತಂದೆ. ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಹಾಕಿ ಕೂರಿಸಿದೆ.

"ಯಾರೋ ಅದು?" ಎನ್ನುತ್ತಿದ್ದಾರೆ.

ಬಾಗಿಲು ಬಡಿಯುತ್ತಿದ್ದಾರೆ. ಪೆನ್ನು ಇಟ್ಟು ಹೋಗಿ ತೆಗೆ—