ರೆಕ್ಕೆಯ ಕಂಕುಳು

ಮಾರ್ಚ್ ೧೪, ಸೋಮವಾರ

ಸೊಸೆಗೆ,

ನಾನು ಚೆನ್ನಾಗಿದ್ದೇನೆ, ನಿನ್ನ ಗಂಡನೂ ಬದುಕಿದ್ದಾನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ, ಕೈತುಂಬ ಅಂಟು ಮೆತ್ತಿಕೊಂಡಿತ್ತು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು ನಡುನಡುವೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ಆ ಕಾಟವಿಲ್ಲ.

ಮೊದಲು ಸಿಹಿ ಸುದ್ದಿ. ಶೆಡ್ಡಿನಲ್ಲಿ ನೀನೂ ನಾನೂ ಸೇರಿ ಕಟ್ಟಿದ ವಿಮಾನಕ್ಕೆ ಶನಿವಾರ ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ಸಹಿ ಹಾಕಿದರು. ಅಲ್ಲಿನ ಕೆಲಸ ಮುಗಿಸಿ ಊರಿಗೆ ಬಂದವಳೇ ನೀನು ಹಾರಿಸಬಹುದು. ಹಿಂದಿನ ಸೀಟಿಗೆ ಮೊದಲು ಯಾರು ಅಂತ ನೀನು ಬರೆದದ್ದನ್ನೂ ಓದಿದೆ. ಆ ಮಾತು ಆಮೇಲೆ.

ಒಂದು ಕೆಲಸ ನನ್ನ ತಲೆಗೆ ಕಟ್ಟಿ ಹೋಗಿದ್ದೆಯಲ್ಲ. ರೆಕ್ಕೆಗೂ ಅದರ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಹಲಗೆಗೂ ನಡುವೆ ಬೆರಳು ತೂರುವಷ್ಟು ಸಂದು. ಅದರಲ್ಲಿ ಗಾಳಿ ನುಗ್ಗಿದರೆ ವಿಮಾನ ಹೇಳಿದ ಮಾತು ಕೇಳುವುದಿಲ್ಲ, ಮುಚ್ಚಬೇಕು ಅಂದೆ. ಪೆಟ್ಟಿಗೆಯಲ್ಲಿ ಮೂರು ಬಗೆಯ ಸಾಮಾನಿಟ್ಟು, ‘ಅತ್ತೆ, ನಿಮಗೆ ಯಾವ್ದು ಸರಿ ಅನ್ಸುತ್ತೋ ಅದನ್ನ ಹಾಕಿ’ ಅಂತ ರೈಲು ಹತ್ತಿದೆ.

ರಬ್ಬರ್ ಪಟ್ಟಿ ಹಾಕಿ ನೋಡಿದೆ. ಬೆಳಗಿನ ಚಳಿಗೆ ಬಿರುಸಾಗಿ, ಹಾಸಿಗೆ ಬಿಟ್ಟೇಳದ ನಿನ್ನ ಗಂಡನ ಹಾಗೆ, ಅಲ್ಲಾಡಲೇ ಒಲ್ಲೆ ಅಂದಿತು. ಅಂಟುಟೇಪು ನೋಡಲು ಲಕ್ಷಣವಾಗಿತ್ತು. ಮಧ್ಯಾಹ್ನದ ಬಿಸಿಲಿಗೆ ಅಂಟು ಕರಗಿ, ತುದಿ ಎದ್ದು ಪಟಪಟ ಬಡಿಯಿತು. ಕಿತ್ತೆಸೆದೆ. ಉಳಿದದ್ದು ರೆಕ್ಕೆಗೆ ಹೊದಿಸಿ ಮಿಕ್ಕ ಬಟ್ಟೆ. ಬಟ್ಟೆ ಅಂದ ಮೇಲೆ ನನಗೆ ಯಾರೂ ಹೇಳಿಕೊಡಬೇಕಿಲ್ಲ, ಶಾಲೆ ಬಿಟ್ಟಾಗಿನಿಂದ ಹೊಲಿಗೆ ಮಿಷನ್ನೇ ನನ್ನ ಮೇಷ್ಟ್ರು. ಒಂದು ಅಂಚು ರೆಕ್ಕೆಗೆ, ಇನ್ನೊಂದು ಹಲಗೆಗೆ, ಒಂದು ಸುಕ್ಕೂ ಇಲ್ಲದಂತೆ ಎಳೆದು ಅಂಟಿಸಿದೆ. ನೋಡಿ ನನಗೇ ಹೆಮ್ಮೆ.

ನಿನ್ನ ಗಂಡನಿಗೆ ಏಣಿ ಹತ್ತಲೂ ಭಯ. ನಿಂತ ವಿಮಾನವಾದ್ದರಿಂದ ಧೈರ್ಯ ಮಾಡಿ ಒಳಗೆ ಕೂತು, ಹಲಗೆಯನ್ನು ಏರಿಸಿ ಇಳಿಸುವ ಕೋಲು ಆಡಿಸಿದ. ಹಲಗೆ ಅರ್ಧಕ್ಕೇ ನಿಂತಿತು. ‘ಅಮ್ಮಾ, ಇದು ನೀನು ಸ್ಕೂಲಿಗೆ ಹೊಲಿದುಕೊಟ್ಟ ಅಂಗಿ ಥರಾನೇ ಇದೆ. ಕೈ ಎತ್ತಿದ್ರೆ ಮೇಷ್ಟ್ರಿಗೆ ನನ್ನ ಹೊಕ್ಕಳು ಕಾಣ್ತಿತ್ತು’ ಅಂದ.

ಕೈಯಲ್ಲಿದ್ದ ಕತ್ತರಿ ಎಸೆಯುವಷ್ಟು ಸಿಟ್ಟು ಬಂತು. ಆ ದಿನವೆಲ್ಲ ಅವನನ್ನು ಮಾತಾಡಿಸಲಿಲ್ಲ. ಆಮೇಲೆ ನೋಡಿದರೆ ಅವನು ಹೇಳಿದ್ದೇ ನಿಜ. ಕಂಕುಳಲ್ಲಿ ಸಡಿಲ ಬಿಡದಿದ್ದರೆ ತೋಳು ಏಳುವುದು ಹೇಗೆ? ಎಲ್ಲ ಕಿತ್ತೆ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದೆ. ಅವನು ಹಲಗೆಯನ್ನು ಕೊನೆಯವರೆಗೆ ಬಗ್ಗಿಸಿ ಹಿಡಿದುಕೊಂಡ, ನಾನು ಸಂದಿಯೊಳಕ್ಕೆ ಒಂದು ಮಡಿಕೆ ಇಳಿಬಿಟ್ಟು ಅಂಟಿಸಿದೆ. ಕೆಲಸ ಮುಗಿಯುವವರೆಗೂ ಆ ಅಂಗಿ ನೆನೆಸಿಕೊಂಡು ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಇನ್ಸ್‌ಪೆಕ್ಟರು ಕೋಲನ್ನು ಆ ತುದಿಗೂ ಈ ತುದಿಗೂ ಆಡಿಸಿದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಯಿತು. ಪಟ್ಟಿಯ ಅಂಚನ್ನು ಉಗುರಿನಿಂದ ಕೆರೆದರು. ಕೆರೆಯಬೇಡಿ, ಬೇಕಾದರೆ ಎಳೆದು ನೋಡಿ ಅಂದೆ. ಎಳೆದರು. ಬರಲಿಲ್ಲ. ಸಹಿ ಬಿತ್ತು. ನಿನ್ನ ಗಂಡ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟ. ಸೊಂಟ ಇನ್ನೂ ನೋಯುತ್ತಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಹಾರು, ಹಾರಿದಷ್ಟು ಸಲವೂ ಸುಖವಾಗಿ ಇಳಿ.

ನಿನ್ನ ಅತ್ತೆ

ಮರೆತಿದ್ದೆ: ನೀನೊಬ್ಬಳೇ ಹಾರಿಸಿ ಪರೀಕ್ಷೆಯೆಲ್ಲ ಮುಗಿದ ಮೇಲೆ, ಹಿಂದಿನ ಸೀಟಿನಲ್ಲಿ ಮೊದಲು ನಿನ್ನಮ್ಮನನ್ನು ಕೂರಿಸುತ್ತೇನೆಂದು ಬರೆದಿದ್ದೀಯ. ಸರಿ, ಹೆತ್ತವಳು. ಆಮೇಲೆ ನನ್ನನ್ನೂ ಅನ್ನುವ ಮಾತು ಎಲ್ಲಾದರೂ ಇದೆಯೇ ಎಂದು ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡಿದೆ. ಇರಲಿಲ್ಲ. ನಿನ್ನೆ ಆ ಸೀಟಿನಲ್ಲಿ ಕೂತು ಬೆಲ್ಟನ್ನು ನನ್ನ ಸೊಂಟದ ಅಳತೆಗೆ ಬಿಗಿದೆ. ಹಾಗೇ ಬಿಟ್ಟು ಬಂದಿದ್ದೇನೆ. ಬೀಗಿತ್ತಿಗೆ ಅದು ಸಾಲದು. ಸಡಿಲಿಸುವುದಿದ್ದರೆ ನೀನೇ ಸಡಿಲಿಸು, ನನ್ನ ಕೈಯಲ್ಲಿ ಆಗುವುದಿಲ್ಲ.